ನೆಟ್ಟ ಮೇಲೆ ಕೆದಕಬೇಡ, ಮಗಳೇ

ಮಗಳೇ, ಹೊಸ ಮನೆಗೆ ಬಂದ ಮೊದಲ ಬೇಸಿಗೆಯಲ್ಲೇ ನಿನಗೆ ಪಿಯೋನಿ ಹುಚ್ಚು ಹಿಡಿದಿದೆ ಎಂದು ಕೇಳಿ ಸಂತೋಷವೇ ಆಯಿತು. ಮಿಷಿಗನ್ನಿಗೆ ಬಂದ ನಮ್ಮ ಕಡೆಯ ಹೆಣ್ಣುಮಕ್ಕಳಿಗೆಲ್ಲ ಇದು ಬರುವ ಕ್ರಮವೇ ಹೀಗೆ. ಮೊದಲು ಕರಿಬೇವನ್ನು ಕುಂಡದಲ್ಲಿ ಬದುಕಿಸುವ ಒದ್ದಾಟ. ಆಮೇಲೆ ಮಲ್ಲಿಗೆಯನ್ನು ಚಳಿಗಾಲಕ್ಕೆ ಒಳಗೆ, ಬೇಸಿಗೆಗೆ ಹೊರಗೆ ಹೊರುವ ಕೆಲಸ. ಅಷ್ಟರಲ್ಲಿ ಯಾವುದೋ ಮೇ ತಿಂಗಳ ಕೊನೆಯಲ್ಲಿ ಹಿಂದಿನ ಬೀದಿಯ ಅಜ್ಜಿಯ ಅಂಗಳದಲ್ಲಿ ಆರೇಳು ಅಂಗುಲ ಅಗಲದ, ಮೈತುಂಬ ಎಸಳಿರುವ ಹೂವೊಂದು ಕಣ್ಣಿಗೆ ಬೀಳುತ್ತದೆ. ಅಲ್ಲಿಂದ ಮುಂದೆ ಕರಿಬೇವಿನ ಮಾತೇ ಇಲ್ಲ.

ಫೋನಿನಲ್ಲಿ ನೀನು ಕೇಳಿದ್ದು ಎರಡು: ಗಿಡ ಎಲ್ಲಿ ಸಿಗುತ್ತದೆ, ಬರುವ ವರ್ಷ ಹೂ ಬಿಡುತ್ತದೆಯೇ. ಎರಡನೆಯದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಬಿಡುವುದಿಲ್ಲ. ಬಿಟ್ಟರೂ ಒಂದೋ ಎರಡೋ, ಅದೂ ಸೊರಗಿದ್ದು. ಮೊದಲ ವರ್ಷ ಗಿಡಕ್ಕೆ ಬೇರಿನದೇ ಕೆಲಸ. ಎರಡನೆಯ ವರ್ಷ ನಾಲ್ಕಾರು ಕಾಂಡ ಹೆಚ್ಚುತ್ತವೆ. ಮೂರನೆಯ ವರ್ಷದಿಂದ ಹೂವಿನ ಲೆಕ್ಕ ಶುರು. ಅಷ್ಟು ಕಾಯುವ ಮನಸ್ಸಿಲ್ಲದಿದ್ದರೆ ಈಗಲೇ ಹೇಳು, ಜಿನ್ನಿಯಾ ಬೀಜ ಕೊಡುತ್ತೇನೆ, ಬರುವ ಬೇಸಿಗೆಯಲ್ಲಿ ಎರಡೇ ತಿಂಗಳಿಗೆ ಅಂಗಳ ತುಂಬುತ್ತದೆ. ಪಕ್ಕದ ಇಂಡಿಯಾನಾದವರ ರಾಜ್ಯ ಹೂವೂ ಒಂದು ಕಾಲಕ್ಕೆ ಜಿನ್ನಿಯಾವೇ ಆಗಿತ್ತು. 1957ರಲ್ಲಿ ಅದನ್ನು ಇಳಿಸಿ ಪಿಯೋನಿಯನ್ನು ಕೂರಿಸಿದರು. ಕಾಯುತ್ತೇನೆ ಎನ್ನುವುದಾದರೆ ಮುಂದಿನದನ್ನು ಓದು.

ನಿನಗೆ ಗೆಡ್ಡೆಯ ಹೂವೆಂದರೆ ಡೇರೆ. ಮಳೆಗಾಲ ಹಿಡಿಯುವ ಹೊತ್ತಿಗೆ ಗೆಡ್ಡೆ ಹೂಳುವುದು, ಹೂ ಮುಗಿದ ಮೇಲೆ ಕಿತ್ತು ತೆಗೆದಿಡುವುದು, ಪಕ್ಕದ ಮನೆಗೆ ಎರಡು ಗೆಡ್ಡೆ ಕೊಟ್ಟು ಅವರಲ್ಲಿರುವ ಬಣ್ಣದ್ದು ಎರಡು ತರುವುದು, ಇದನ್ನೆಲ್ಲ ನೋಡಿಕೊಂಡು ಬೆಳೆದವಳು ನೀನು. ಆ ಕೈಯ ಅಭ್ಯಾಸವನ್ನು ಪಿಯೋನಿಯ ಹತ್ತಿರ ತರಬೇಡ. ಎರಡೂ ಗೆಡ್ಡೆಯೇ, ಆದರೆ ಸ್ವಭಾವ ಪೂರ್ತಿ ತಿರುಗಾಮುರುಗಾ. ಇಲ್ಲಿನ ಚಳಿಗೆ ಡೇರೆ ಗೆಡ್ಡೆಯನ್ನು ಮಣ್ಣಲ್ಲೇ ಬಿಟ್ಟರೆ ಹೆಪ್ಪುಗಟ್ಟಿ ಕೊಳೆಯುತ್ತದೆ, ಕಿತ್ತು ಬೇಸ್‌ಮೆಂಟಿನಲ್ಲಿ ಇಡಲೇಬೇಕು. ಪಿಯೋನಿಗೆ ಅದೇ ಹೆಪ್ಪುಗಟ್ಟುವ ನೆಲವೇ ಬೇಕು, ಅದನ್ನು ಕಿತ್ತವರಿಗೆ ಹೂವಿಲ್ಲ. ವರ್ಷಕ್ಕೊಮ್ಮೆ ಜಾಗ ಬದಲಿಸಿದರೆ ಗಿಡ ಸಾಯುವುದಿಲ್ಲ, ಬರೀ ಎಲೆ ಬಿಟ್ಟುಕೊಂಡು ಬದುಕಿರುತ್ತದೆ. ಆದ್ದರಿಂದ ನಿನ್ನ ಬುದ್ಧಿಯನ್ನೆಲ್ಲ ನೆಡುವ ದಿನ ಖರ್ಚು ಮಾಡು. ಆಮೇಲೆ ಕೈ ಕಟ್ಟಿಕೊಂಡು ಕೂರು.

ಚಳಿಯ ಮಾತು ಬಂತಲ್ಲ, ಅದನ್ನು ಮುಗಿಸಿಬಿಡುತ್ತೇನೆ. ಈ ಗಿಡದ ಮೂಲ ಸೈಬೀರಿಯಾ, ಮಂಗೋಲಿಯಾ, ಉತ್ತರ ಚೀನಾದ ಕಡೆ. ಚೀನಾದವರು ಬೇರನ್ನು ಔಷಧಿಗೂ ಹೂವನ್ನು ಚಂದಕ್ಕೂ ಎಷ್ಟೋ ಶತಮಾನಗಳಿಂದ ಬೆಳೆಸಿದವರು. ನೆಲದೊಳಗಿನ ಮೊಗ್ಗಿಗೆ ವಾರಗಟ್ಟಲೆ ಸುಮಾರು 4 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಕೆಳಗಿನ ತಂಪು ಸಿಕ್ಕರೆ ಮಾತ್ರ ಅದು ವಸಂತದಲ್ಲಿ ಹೂವಾಗಿ ಏಳುತ್ತದೆ. ಅಮೆರಿಕದ ಕೃಷಿ ಇಲಾಖೆಯ ಚಳಿವಲಯಗಳ ಲೆಕ್ಕದಲ್ಲಿ 3ರಿಂದ 8ರವರೆಗೆ ಇದರ ರಾಜ್ಯ. ನಮ್ಮ ಆನ್ ಆರ್ಬರ್ ಇರುವುದು 6ರಲ್ಲಿ, ಚಿಂತೆಯೇ ಇಲ್ಲ. ಡಲ್ಲಾಸ್‌ನಲ್ಲಿರುವ ನಿನ್ನ ಅಕ್ಕ ಬೇಗ ಅರಳುವ ತಳಿ ಹಾಕಿ ನೋಡಬಹುದು. ಹ್ಯೂಸ್ಟನ್‌ನ ಗೆಳತಿಗೆ ಬೇಡ ಎಂದು ಹೇಳು. ಇನ್ನು ಊರಿಗೆ ಹೋಗುವಾಗ ಅಮ್ಮನಿಗೆಂದು ಗೆಡ್ಡೆ ಕಟ್ಟಿಕೊಂಡು ಹೋಗುವ ಯೋಚನೆಯಿದ್ದರೆ ಇಲ್ಲೇ ಬಿಟ್ಟುಬಿಡು. ನಮ್ಮ ಮಲೆನಾಡಿನ ಚಳಿ ಕಂಬಳಿ ಹೊದೆಯುವಷ್ಟು, ಪಿಯೋನಿ ಮಲಗುವಷ್ಟಲ್ಲ. ಇಂಡಿಯಾದಲ್ಲಿ ಪಿಯೋನಿ ಇಲ್ಲವೆಂದಲ್ಲ. ಕಾಶ್ಮೀರ, ಹಿಮಾಚಲ, ಉತ್ತರಾಖಂಡದ ಬೆಟ್ಟದ ಕಾಡುಗಳಲ್ಲಿ ಬಿಳಿ ಹೂವಿನ ಹಿಮಾಲಯದ ಜಾತಿಯೊಂದು ತಾನಾಗಿ ಬೆಳೆಯುತ್ತದೆ. ಅದೂ ಹಿಮ ಬೀಳುವ ಸೀಮೆಯದೇ.

ಈಗ ಜಾಗ. ನಿನ್ನ ಮನೆಯ ಸುತ್ತ ಒಂದು ದಿನ ಬೆಳಗ್ಗೆ, ಮಧ್ಯಾಹ್ನ, ಸಂಜೆ ತಿರುಗಾಡಿ ಬಿಸಿಲು ಎಲ್ಲೆಲ್ಲಿ ಬೀಳುತ್ತದೆಂದು ನೋಡು. ಕನಿಷ್ಠ ಆರು ಗಂಟೆ ನೇರ ಬಿಸಿಲು ಬೇಕು. ಈಗ ಬಿಸಿಲಿದೆ ಎಂದರೆ ಸಾಲದು, ಇನ್ನು ಇಪ್ಪತ್ತು ವರ್ಷಕ್ಕೂ ಇರಬೇಕು. ಬಿಲ್ಡರ್ ನೆಟ್ಟುಹೋದ ಆ ಪುಟ್ಟ ಮೇಪಲ್ ಮರ ದೊಡ್ಡದಾದಾಗ ಯಾವ ಕಡೆ ನೆರಳು ಚೆಲ್ಲುತ್ತದೆ ಎಂದು ಲೆಕ್ಕ ಹಾಕು. ಮರದ ಬೇರು ಹತ್ತಿರ ಬಂದರೆ ನೀರು ಗೊಬ್ಬರ ಎಲ್ಲ ಅದರ ಪಾಲು. ಡ್ರೈವ್‌ವೇ ಪಕ್ಕ ಬೇಡವೇ ಬೇಡ, ಚಳಿಗಾಲದಲ್ಲಿ ಹಿಮ ಗೋರಿ ಒಟ್ಟುವುದು ಅಲ್ಲೇ, ಉಪ್ಪು ಸುರಿಯುವುದೂ ಅಲ್ಲೇ. ಮಾಡಿನ ನೀರು ಪೈಪಿನಿಂದ ಇಳಿಯುವ ಮೂಲೆಯೂ ಬೇಡ.

ಹೊಸ ಬಡಾವಣೆಯ ಮಣ್ಣು ನನಗೆ ಗೊತ್ತು. ಮೇಲಿನ ಕಪ್ಪು ಮಣ್ಣನ್ನು ಮೊದಲೇ ಕೆರೆದು ತೆಗೆದಿರುತ್ತಾರೆ, ಉಳಿದದ್ದು ಜೇಡಿ, ಅದರ ಮೇಲೆ ಹುಲ್ಲಿನ ಚಾಪೆ. ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿಸು. ಮಾರನೆಯ ದಿನವೂ ನೀರು ನಿಂತಿದ್ದರೆ ಆ ಜಾಗಕ್ಕೆ ಪಿಯೋನಿ ಇಲ್ಲ, ಅಥವಾ ಏರುಪಾತಿ ಮಾಡಬೇಕು. ಅಡಿಕೆ ತೋಟದ ಮನೆಯಲ್ಲಿ ಹುಟ್ಟಿದವಳಿಗೆ ಬಸಿಗಾಲುವೆಯ ಪಾಠ ನಾನು ಹೇಳಬೇಕಾಗಿಲ್ಲ. ಗೆಡ್ಡೆ ಚಳಿಗೆ ಸಾಯುವುದಿಲ್ಲ, ನಿಂತ ನೀರಿಗೆ ಸಾಯುತ್ತದೆ.

ಜಾಗದ ಬಗ್ಗೆ ಇಷ್ಟು ಏಕೆ ಕೊರೆಯುತ್ತೇನೆಂದರೆ, ಈ ಗಿಡಕ್ಕೆ ಐವತ್ತು ವರ್ಷ ಏನೂ ಅಲ್ಲ, ನೂರು ದಾಟಿದವೂ ಇವೆ. ಹಳ್ಳಿಯ ಕಡೆ ಕಾರಿನಲ್ಲಿ ಹೋಗುವಾಗ ಗಮನಿಸು, ಮನೆ ಬಿದ್ದುಹೋಗಿ ಅಡಿಪಾಯವಷ್ಟೇ ಉಳಿದ ಹಳೆಯ ಫಾರ್ಮ್‌ಗಳಲ್ಲಿ ಪಿಯೋನಿ ಮಾತ್ರ ಜೂನ್ ಬಂತೆಂದರೆ ಅರಳಿ ನಿಂತಿರುತ್ತದೆ. ಹಳೆಯ ಸ್ಮಶಾನಗಳಲ್ಲೂ ಹಾಗೆಯೇ. ಮೇ ಕೊನೆಯ ಮೆಮೋರಿಯಲ್ ಡೇ ದಿನ ಸಮಾಧಿಗೆ ಹೂವಿಡಲು ಆ ಹೊತ್ತಿಗೆ ಸರಿಯಾಗಿ ಒದಗುವ ಹೂ ಇದೇ ಆದ್ದರಿಂದ ಹಿಂದಿನವರು ಅಲ್ಲೇ ನೆಟ್ಟುಬಿಟ್ಟಿದ್ದಾರೆ. ನಿನ್ನ ಮನೆಯಿಂದ ಹತ್ತಿರವೇ ಮಿಷಿಗನ್ ವಿಶ್ವವಿದ್ಯಾಲಯದ ನಿಕೋಲ್ಸ್ ಆರ್ಬೋರೇಟಂ ಇದೆ. ಅಲ್ಲಿನ ಪಿಯೋನಿ ತೋಟ ಔಷಧ ಕಂಪನಿಯ ಡಾಕ್ಟರ್ ಡಬ್ಲ್ಯೂ. ಇ. ಅಪ್‌ಜಾನ್ 1922ರಲ್ಲಿ ಕೊಟ್ಟ ಗಿಡಗಳಿಂದ ಶುರುವಾದದ್ದು. ಹಳೆಯ ತಳಿಗಳ ಅಷ್ಟು ದೊಡ್ಡ ಸಂಗ್ರಹ ಉತ್ತರ ಅಮೆರಿಕದಲ್ಲಿ ಬೇರೆಲ್ಲೂ ಇಲ್ಲ. ಮುಂದೆ ಇನ್ನಷ್ಟು ಗಿಡ ಸೇರಿಸುವಾಗ ಯಾವ ಬಣ್ಣ, ಯಾವ ತಳಿ ಎಂದು ಚಿತ್ರ ನೋಡಿ ತೀರ್ಮಾನಿಸುವ ಬದಲು ಬರುವ ಜೂನ್ ಮೊದಲ ವಾರ ಅಲ್ಲಿ ಒಂದು ಸುತ್ತು ಹಾಕು. ಚಿತ್ರದಲ್ಲಿ ಪರಿಮಳ ಬರುವುದಿಲ್ಲ, ಮಳೆ ಬಂದಾಗ ಯಾವುದು ನೆಲಕ್ಕೊರಗುತ್ತದೆ ಎಂದೂ ಕಾಣುವುದಿಲ್ಲ.

ನೆಡುವ ಕಾಲ ಸೆಪ್ಟೆಂಬರ್, ಅಕ್ಟೋಬರ್. ವಸಂತದಲ್ಲಿ ದೊಡ್ಡ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಒಣಗಿದ ಗೆಡ್ಡೆ ಅಗ್ಗಕ್ಕೆ ಮಾರುತ್ತಾರೆ, ಆಸೆಪಡಬೇಡ. ಬೇರು ಬಿಡುವ ಸಮಯ ಶರತ್ಕಾಲ. ಆಗ ನೆಟ್ಟದ್ದು ನೆಲ ಹೆಪ್ಪುಗಟ್ಟುವ ಮುಂಚೆ ಸಣ್ಣ ಬೇರು ಬಿಟ್ಟುಕೊಂಡು ತಯಾರಾಗುತ್ತದೆ. ಪಿಯೋನಿಯನ್ನೇ ಬೆಳೆಯುವ ನರ್ಸರಿಯಿಂದ ಮೂರರಿಂದ ಐದು ಕಣ್ಣಿರುವ ಗೆಡ್ಡೆ ತರಿಸು. ಗೆಡ್ಡೆಯ ನೆತ್ತಿಯಲ್ಲಿ ಕೆಂಪಗೆ, ಮೊನಚಾಗಿ ಕಾಣುವ ಮೊಗ್ಗುಗಳೇ ಆ ಕಣ್ಣು. ಒಂದೇ ಕಣ್ಣಿನ ತುಂಡು ಬದುಕುತ್ತದೆ, ಆದರೆ ನಿನ್ನ ತಾಳ್ಮೆ ಬದುಕುವುದಿಲ್ಲ. ಬೀಜದಿಂದ ಬೆಳೆಸುವ ಹಠವೂ ಬೇಡ. ಹೂ ಕಾಣಲು ನಾಲ್ಕೈದು ವರ್ಷ, ಅದೂ ತಾಯಿಯಂತೆಯೇ ಬರುವ ಭರವಸೆಯಿಲ್ಲ.

ಇನ್ನು ಆಳ. ಇಲ್ಲಿ ಕಿವಿಗೊಟ್ಟು ಕೇಳು, ಉಳಿದದ್ದನ್ನೆಲ್ಲ ಮರೆತರೂ ಪರವಾಗಿಲ್ಲ. ಕಣ್ಣಿನ ಮೇಲೆ ಇರಬೇಕಾದ ಮಣ್ಣು ಒಂದರಿಂದ ಎರಡು ಅಂಗುಲ, ಅಷ್ಟೇ. ಚಳಿ ಜಾಸ್ತಿ ಅಲ್ಲವಾ, ಪಾಪ, ಬೆಚ್ಚಗಿರಲಿ ಎಂದು ನಾಲ್ಕೈದು ಅಂಗುಲ ಒಳಗೆ ಹುದುಗಿಸಿದರೆ ಗಿಡ ಸೊಂಪಾಗಿ ಬೆಳೆಯುತ್ತದೆ, ಹೂ ಮಾತ್ರ ಕಾಣದು. ಹತ್ತು ವರ್ಷವಾದರೂ ಹೂ ಬಿಟ್ಟಿಲ್ಲ ಎಂದು ಗೋಳಾಡುವವರ ಗಿಡದ ಬುಡ ಬಿಡಿಸಿ ನೋಡು, ಬಹುಪಾಲು ಇದೇ ಕಾರಣ, ಇಲ್ಲದಿದ್ದರೆ ನೆರಳು. ಡಲ್ಲಾಸ್ ಅಕ್ಕನಿಗೆ ಹೇಳು, ಅವಳ ಸೀಮೆಯಲ್ಲಿ ಇನ್ನೂ ಮೇಲೆ, ಅರ್ಧದಿಂದ ಒಂದು ಅಂಗುಲ ಸಾಕು, ಸಿಗುವ ಅಷ್ಟಿಷ್ಟು ಚಳಿ ಕಣ್ಣಿಗೆ ತಾಗಲಿ.

ಗುಂಡಿಯನ್ನು ಒಂದೂವರೆ ಎರಡಡಿ ಅಗಲ, ಒಂದಡಿಗೂ ಹೆಚ್ಚು ಆಳ ತೋಡು. ತಳದ ಮಣ್ಣಿಗೆ ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿ ತುಂಬಿ, ಕಾಲಿನಿಂದ ತುಳಿದು ಕೂರಿಸು. ಸಡಿಲ ಬಿಟ್ಟರೆ ಮಣ್ಣು ಇಳಿದಂತೆ ಗೆಡ್ಡೆಯೂ ಇಳಿಯುತ್ತದೆ, ಎರಡು ಅಂಗುಲ ಇದ್ದದ್ದು ನಾಲ್ಕಾಗುತ್ತದೆ. ಕಣ್ಣು ಮೇಲ್ಮುಖವಾಗಿ ಗೆಡ್ಡೆಯಿಟ್ಟು, ಗುಂಡಿಯ ಅಡ್ಡ ಒಂದು ಕೋಲಿಟ್ಟು, ಕೋಲಿನಿಂದ ಕಣ್ಣಿನವರೆಗೆ ಅಳತೆಪಟ್ಟಿಯಲ್ಲಿ ಅಳೆ. ಕಣ್ಣಳತೆ ಬೇಡ. ಮಣ್ಣು ಮುಚ್ಚಿ ನೀರು ಹಾಕಿ, ಇಳಿದ ಮೇಲೆ ಇನ್ನೊಮ್ಮೆ ನೋಡು. ಗಿಡದಿಂದ ಗಿಡಕ್ಕೆ ಮೂರು ನಾಲ್ಕಡಿ ಬಿಡು. ಈಗ ಬೋಳಾಗಿ ಕಾಣುತ್ತದೆ ಎಂದು ಹತ್ತಿರ ಹತ್ತಿರ ನೆಟ್ಟರೆ ಮುಂದೆ ಗಾಳಿಯಾಡದೆ ರೋಗ ಬರುತ್ತದೆ.

ಮೊದಲ ಚಳಿಗಾಲಕ್ಕೆ ಮಾತ್ರ ಬುಡದ ಮೇಲೆ ಹುಲ್ಲೋ ತರಗೆಲೆಯೋ ಹಾಸು. ನೆಲ ಹೆಪ್ಪುಗಟ್ಟಿ, ಕರಗಿ, ಮತ್ತೆ ಹೆಪ್ಪುಗಟ್ಟುವಾಗ ಹೊಸ ಗೆಡ್ಡೆಯನ್ನು ಮೇಲಕ್ಕೆ ಒದ್ದುಬಿಡುತ್ತದೆ, ಅದಕ್ಕಾಗಿ. ಮಾರ್ಚ್‌ನಲ್ಲಿ ತೆಗೆದುಬಿಡು. ಇಲ್ಲಿ ಅಂಗಳ ನೋಡಿಕೊಳ್ಳುವವರಿಗೆ ವರ್ಷ ವರ್ಷ ಎಲ್ಲ ಗಿಡಗಳ ಬುಡಕ್ಕೂ ಮರದ ತೊಗಟೆ ಚೂರು ಸುರಿಯುವ ಚಟ. ಪಿಯೋನಿಯ ನೆತ್ತಿಯ ಮೇಲೆ ಹಾಕಗೊಡಬೇಡ. ಅದೂ ಆಳವೇ, ಮೇಲಿಂದ ಬಂದ ಆಳ.

ಗೊಬ್ಬರದ ವಿಷಯ ಹೆಚ್ಚು ಹೇಳುವುದಿಲ್ಲ. ಮೊದಲ ವರ್ಷ ಬೇಡ. ಆಮೇಲೆ ಹೂ ಮುಗಿದ ಮೇಲೆ ಸಾರಜನಕ ಕಡಿಮೆಯಿರುವುದನ್ನು, 5-10-10 ಎಂದು ಚೀಲದ ಮೇಲೆ ಬರೆದಿರುತ್ತದೆ, ಒಂದು ಹಿಡಿ, ಬುಡದಿಂದ ದೂರಕ್ಕೆ ಸುತ್ತಲೂ ಉದುರಿಸು. ಹುಲ್ಲಿಗೆ ಹಾಕುವ ಗೊಬ್ಬರ ಸಿಡಿದು ಬಿದ್ದರೆ ಎಲೆ ಹಿಗ್ಗುತ್ತದೆ, ಮೊಗ್ಗು ಕುಗ್ಗುತ್ತದೆ. ಸಗಣಿ ಗೊಬ್ಬರವನ್ನು ನೆತ್ತಿಯ ಮೇಲೆ ಪೇರಿಸಬೇಡ. ಮಳೆಯಿಲ್ಲದ ವಾರ ಬುಡಕ್ಕೆ ನೀರು ಕೊಡು. ಸ್ಪ್ರಿಂಕ್ಲರ್ ಎಲೆಯ ಮೇಲೆ ಚಿಮ್ಮದಂತೆ ತಿರುಗಿಸು.

ಮೂರನೆಯ ವರ್ಷ ಮೊಗ್ಗು ಬಂದಾಗ ನೀನು ನನಗೆ ಗಾಬರಿಯಿಂದ ಫೋನು ಮಾಡುತ್ತೀ, ಅದೂ ಗೊತ್ತು. ಮೊಗ್ಗಿನ ತುಂಬ ಇರುವೆ! ಅರಿಶಿನ ಪುಡಿ ಎರಚಬೇಡ, ಔಷಧಿ ಹೊಡೆಯಬೇಡ. ಮೊಗ್ಗಿನ ಹೊರಗಿನ ಹಸಿರು ಎಸಳಲ್ಲಿ ಸಿಹಿ ರಸ ಜಿನುಗುತ್ತದೆ, ಅದನ್ನು ನೆಕ್ಕಲು ಅವು ಬರುತ್ತವೆ. ಇರುವೆ ಬಂದರೇ ಹೂ ಬಿರಿಯುವುದು ಎಂದು ಇಲ್ಲಿನ ಹಳಬರು ಹೇಳುತ್ತಾರೆ, ಅದು ಸುಳ್ಳು. ಇರುವೆ ಇಲ್ಲದಿದ್ದರೂ ಬಿರಿಯುತ್ತದೆ. ಇರುವೆ ಹೂವನ್ನು ಹಾಳು ಮಾಡುತ್ತದೆ ಎಂಬುದೂ ಅಷ್ಟೇ ಸುಳ್ಳು. ರಸ ಕುಡಿಯುವ ಸಣ್ಣಪುಟ್ಟ ಹುಳಗಳನ್ನು ಅವು ಹತ್ತಿರ ಸೇರಿಸುವುದಿಲ್ಲ, ಅಷ್ಟು ಉಪಕಾರ. ಹೂ ಕೊಯ್ದು ಒಳಗೆ ತರುವಾಗ ತಲೆಕೆಳಗೆ ಹಿಡಿದು ಕೊಡವು, ಆಯಿತು. ಜಿಂಕೆಯ ಭಯವೂ ಬೇಡ. ನಿನ್ನ ಟ್ಯೂಲಿಪ್, ಹೋಸ್ಟಾಗಳನ್ನು ಅವು ನುಣ್ಣಗೆ ಮೇಯ್ದು ಹೋದರೂ ಇದಕ್ಕೆ ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ.

ಭಯಪಡಬೇಕಾದದ್ದು ಬೂದು ಬೂಷ್ಟಿಗೆ. ವಸಂತದಲ್ಲಿ ಮೋಡ ಮುಸುಕಿ, ಜಿಟಿಜಿಟಿ ಮಳೆ ಹಿಡಿದರೆ ಎಳೆಯ ಕಾಂಡ ಇದ್ದಕ್ಕಿದ್ದಂತೆ ಬಾಡುತ್ತದೆ, ಮೊಗ್ಗು ಕಡಲೆ ಗಾತ್ರಕ್ಕೇ ಕಪ್ಪಾಗಿ ನಿಲ್ಲುತ್ತದೆ. ಬೋಟ್ರೈಟಿಸ್ ಎಂಬ ಶಿಲೀಂಧ್ರ ಅದು. ಕಂಡ ತಕ್ಷಣ ಕತ್ತರಿಸಿ ಕಸದ ಚೀಲಕ್ಕೆ ಹಾಕು, ಗೊಬ್ಬರದ ಗುಂಡಿಗಲ್ಲ. ನಿಜವಾದ ಮದ್ದು ಅಕ್ಟೋಬರ್‌ನಲ್ಲಿದೆ. ಚಳಿಗೆ ಎಲೆ ಒಣಗಿದ ಮೇಲೆ ಕಾಂಡವನ್ನೆಲ್ಲ ನೆಲದ ಮಟ್ಟಕ್ಕೆ ಕೊಯ್ದು, ಉದುರಿದ ಎಲೆ ಗುಡಿಸಿ ಆಚೆ ಹಾಕು. ಹಾಗೆ ಬಿಟ್ಟರೆ ಶಿಲೀಂಧ್ರ ಅದರಲ್ಲೇ ಚಳಿಗಾಲ ಕಳೆಯುತ್ತದೆ. ಆಗಸ್ಟ್‌ನಲ್ಲಿ ಎಲೆಯ ಮೇಲೆ ಬೀಳುವ ಬಿಳಿ ಬೂದಿ ಬೇರೆ, ಅದು ನೋಡಲು ಅಸಹ್ಯ, ಅಷ್ಟೇ. ಆದರೆ ಹೂ ಮುಗಿದ ಗಿಡ ಚಂದ ಕಾಣುವುದಿಲ್ಲವೆಂದು ಜುಲೈಯಲ್ಲೇ ಕತ್ತರಿಸಿಬಿಡುತ್ತಾರಲ್ಲ, ಅವರಿಗೆ ಮುಂದಿನ ವರ್ಷ ಹೂವಿಲ್ಲ. ಬರುವ ವರ್ಷದ ಕಣ್ಣಿಗೆ ಈ ವರ್ಷದ ಎಲೆಯೇ ಉಣಿಸುವುದು.

ತಳಿ ಯಾವುದು ಎಂದರೆ, ನಾನು ಹಳೆಯದರ ಪಕ್ಷ. 'ಫೆಸ್ಟಿವಾ ಮ್ಯಾಕ್ಸಿಮಾ' ಫ್ರಾನ್ಸಿನಲ್ಲಿ 1851ರಲ್ಲಿ ಬಂದದ್ದು. ಬಿಳಿ ಎಸಳಿನ ನಡುವೆ ಅಲ್ಲಲ್ಲಿ ಕುಂಕುಮ ಸಿಡಿದಂತೆ ಕೆಂಪು, ಒಳ್ಳೆಯ ಪರಿಮಳ. ಎಲ್ಲ ಅಂಗಡಿಯಲ್ಲೂ ಸಿಗುವ ಗುಲಾಬಿ ಬಣ್ಣದ 'ಸಾರಾ ಬರ್ನ್‌ಹಾರ್ಟ್' 1906ರದ್ದು. ಬಣ್ಣ ಮೋಹಕವೇ, ಆದರೆ ಕತ್ತು ಸೋಲುತ್ತದೆ. ತುಂಬು ಎಸಳಿನ ಹೂ ಒಂದು ಮಳೆ ನೀರು ಕುಡಿದರೆ ಮಣ್ಣಿಗೆ ಮುಖ ಒರೆಸುತ್ತದೆ. ಏಪ್ರಿಲ್‌ನಲ್ಲಿ ಕಾಂಡ ಗೇಣುದ್ದ ಇರುವಾಗಲೇ ತಂತಿಯ ಬಳೆ ಕೂರಿಸಬೇಕು. ಗಿಡ ಬೆಳೆದ ಮೇಲೆ ಕೂರಿಸಹೊರಟರೆ ಕಾಂಡ ಮುರಿಯುತ್ತದೆ. ಈ ರಗಳೆ ಬೇಡವೆಂದರೆ ಒಂಟಿ ಸುತ್ತಿನ ಎಸಳಿನದು ತಗೋ. 'ಕ್ರಿಂಕಲ್ಡ್ ವೈಟ್' ಎಂಬ ಬಿಳಿಯದು ಮಳೆಗೆ ಜಗ್ಗುವುದಿಲ್ಲ. 'ಕೋರಲ್ ಚಾರ್ಮ್' ಹವಳದ ಬಣ್ಣದಲ್ಲಿ ಅರಳಿ ದಿನದಿಂದ ದಿನಕ್ಕೆ ಮಾಸಿ ತಿಳಿಹಳದಿಯಾಗುತ್ತದೆ, ಒಂದೇ ಗಿಡದಲ್ಲಿ ಮೂರು ನಾಲ್ಕು ಬಣ್ಣ ಕಾಣಬಹುದು.

ಹಳದಿಯೇ ಬೇಕು ಎಂದು ನೀನು ಹಠ ಮಾಡುತ್ತೀ, ಗಾಢ ಹಳದಿ ಈ ಜಾತಿಯಲ್ಲಿ ಹುಟ್ಟಿನಿಂದ ಇಲ್ಲ. ಜಪಾನಿನ ತೋಯಿಚಿ ಇತೋ ಎಂಬವರು 1948ರಲ್ಲಿ ಪೊದೆಮರದಂತಹ ಪಿಯೋನಿಯನ್ನೂ ಈ ಮೆದುಕಾಂಡದ್ದನ್ನೂ ಕೂಡಿಸಿ ಅದನ್ನು ಸಾಧಿಸಿದರು. ಆ ಸಸಿಗಳು ಹೂ ಬಿಡುವ ಮೊದಲೇ, 1956ರಲ್ಲಿ ತೀರಿಕೊಂಡರು. ನ್ಯೂಯಾರ್ಕಿನ ಲೂಯಿ ಸ್ಮಿರ್ನೋ ಆ ಗಿಡಗಳನ್ನು ಪಡೆದು 1974ರಲ್ಲಿ ಹೆಸರಿಟ್ಟು ಹೊರತಂದರು. ಈಗ ಸಿಗುವ 'ಬಾರ್ಟ್‌ಜೆಲ್ಲಾ' ಆ ವರ್ಗದ್ದೇ, ಬೆಲೆ ಹೆಚ್ಚು, ಆದರೆ ಕತ್ತು ಗಟ್ಟಿ. ಮೊದಲ ಗಿಡಕ್ಕೆ ಅಷ್ಟು ದುಡ್ಡು ಹಾಕಬೇಡ ಎಂಬುದು ನನ್ನ ಅಭಿಪ್ರಾಯ.

ಹೂ ಕೊಯ್ಯುವುದು ಮೂರನೆಯ ವರ್ಷದಿಂದ. ಗಿಡದ ಮೂರನೇ ಒಂದು ಪಾಲಿಗಿಂತ ಹೆಚ್ಚು ಕಾಂಡ ತೆಗೆಯಬೇಡ, ಕತ್ತರಿಸಿದ ಕಾಂಡದ ಕೆಳಗೆ ಎರಡು ಜೊತೆ ಎಲೆ ಉಳಿಯಲಿ. ಪೂರ್ತಿ ಅರಳಿದ್ದನ್ನು ಕೊಯ್ದರೆ ಎರಡು ಮೂರು ದಿನಕ್ಕೆ ಉದುರುತ್ತದೆ. ಬಣ್ಣ ತೋರಿಸಿ, ಬೆರಳಲ್ಲಿ ಒತ್ತಿದರೆ ಇಡ್ಲಿಯಷ್ಟು ಮೆತ್ತಗಿರುವ ಮೊಗ್ಗನ್ನು ಕೊಯ್ದು, ನೀರಿಲ್ಲದೆ ಪೇಪರಿನಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟರೆ ಎರಡು ಮೂರು ವಾರವಾದರೂ ಕೆಡದು. ಬೇಕಾದ ದಿನ ತೆಗೆದು ಕಾಂಡದ ತುದಿ ಕತ್ತರಿಸಿ ನೀರಿಗಿಡು. ಜೂನ್ ಕೊನೆಗೆ ನಿನ್ನ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇದ್ದರೂ ಹೂ ಸಿದ್ಧ. ದೇವರಿಗೆ ಏರಿಸಬಹುದೇ ಎಂದರೆ ಧಾರಾಳವಾಗಿ, ನಾನು ಏರಿಸುತ್ತೇನೆ. ಮುಡಿಗೆ ಮಾತ್ರ ಬೇಡ ಮಾರಾಯ್ತಿ, ಜಡೆಯೇ ಜಾರಿಬಿಡುವಷ್ಟು ಭಾರ.

ಮುಂದೊಂದು ದಿನ ಈ ಮನೆ ಮಾರಿ ಹೋಗಬೇಕಾದರೆ ಆಗ ಮಾತ್ರ ಅಗೆ, ಅದೂ ಸೆಪ್ಟೆಂಬರ್‌ನಲ್ಲಿ. ಕಾಂಡ ಕತ್ತರಿಸಿ, ಅಗಲಕ್ಕೆ ಅಗೆದು ಎತ್ತಿ, ಮಣ್ಣು ತೊಳೆದು, ಮೂರರಿಂದ ಐದು ಕಣ್ಣು ಬರುವ ಹಾಗೆ ಹರಿತ ಚೂರಿಯಲ್ಲಿ ಭಾಗ ಮಾಡು. ಅರ್ಧ ನೀನು ತೆಗೆದುಕೊಂಡು ಹೋಗು, ಇನ್ನರ್ಧ ಬರುವವರಿಗೆ ಬಿಡು. ಡೇರೆಯ ಗೆಡ್ಡೆ ಹಂಚುವ ನಿನ್ನ ಆಸೆಯೂ ಆಗ ತೀರುತ್ತದೆ.

ಈಗ ಆಗಸ್ಟ್ ಅರ್ಧ ಮುಗಿದಿದೆ. ಒಳ್ಳೆಯ ನರ್ಸರಿಗಳಲ್ಲಿ ಹೆಸರಾದ ತಳಿಗಳು ಬೇಸಿಗೆ ಮುಗಿಯುವ ಮೊದಲೇ ಖಾಲಿಯಾಗುತ್ತವೆ, ಮುಂದೂಡಿದರೆ ಒಂದು ಇಡೀ ವರ್ಷ ಹೋಯಿತು. ಎರಡೇ ಗೆಡ್ಡೆ ತರಿಸು, ಹತ್ತು ಬೇಡ. ಈ ವಾರವೇ ಆರ್ಡರ್ ಹಾಕು, ಗುಂಡಿಗೆ ನೀರು ತುಂಬಿಸಿ ನೋಡುವ ಕೆಲಸವನ್ನು ಬರುವ ಶನಿವಾರ ಮಾಡಿ ಮುಗಿಸು.